ಮೋಲ್ಡ್‌ಗೆ ಮುಂಚಿನ ಶನಿವಾರ: ಬಳ್ಳಾರಿಯ ಒಂದು ಕಟ್ಟಡ ಪರಿಶೀಲನೆಯ ಪ್ರಕರಣ ಅಧ್ಯಯನ

ಬಳ್ಳಾರಿಯ ಸಿರುಗುಪ್ಪ ರಸ್ತೆ ಕಡೆಯ ಬಡಾವಣೆಗಳಲ್ಲಿ ವಾರಕ್ಕೊಮ್ಮೆಯಾದರೂ ಎದುರಾಗುವ ಸಂದರ್ಭಗಳನ್ನು ಸೇರಿಸಿ ಹೆಣೆದ ಮಾದರಿ ಪ್ರಕರಣವಿದು. ಮಾಲೀಕರು, ನಿವೇಶನ, ಅಳತೆ ಎಲ್ಲವೂ ಕಲಿಕೆಗಾಗಿ ಜೋಡಿಸಿದವು. ಕಾಯ್ದೆಯ ಕಲಂ, ಐಎಸ್ ಸಂಹಿತೆಯ (ಭಾರತೀಯ ಮಾನಕದ) ಅಂಕಿ, ವಿದ್ಯುತ್ ತಂತಿಯ ಅಂತರಗಳು ಮಾತ್ರ ಇದ್ದದ್ದು ಇದ್ದ ಹಾಗೆ.

ನಿವೇಶನ 9 ಮೀಟರ್ ಅಗಲ, 12 ಮೀಟರ್ ಉದ್ದ. ಊರ ಮಾತಿನಲ್ಲಿ ಥರ್ಟಿ ಫಾರ್ಟಿ. ಪೂರ್ವಕ್ಕೆ ರಸ್ತೆ. ನೆಲ ಮತ್ತು ಮೊದಲ ಮಹಡಿಯ ವಾಸದ ಮನೆಗೆ ಪಾಲಿಕೆಯಿಂದ ನಕ್ಷೆ ಮಂಜೂರಾಗಿದೆ. ನಕ್ಷೆಯ ಪ್ರಕಾರ ಮುಂದೆ 1.50 ಮೀಟರ್, ಹಿಂದೆ, ದಕ್ಷಿಣಕ್ಕೆ, ಉತ್ತರಕ್ಕೆ ತಲಾ 1.00 ಮೀಟರ್ ಖಾಲಿ ಜಾಗ (ಸೆಟ್‌ಬ್ಯಾಕ್) ಬಿಡಬೇಕು. ಉಳಿಯುವುದು 7.00 ಇಂಟು 9.50, ಅಂದರೆ 66.5 ಚದರ ಮೀಟರ್ ನೆಲಗಟ್ಟು.

ಶುಕ್ರವಾರ ಸಂಜೆ ದಕ್ಷಿಣದ ಪಕ್ಕದ ಮನೆಯವರಿಂದ ಅರ್ಜಿ ಬಂತು: ‘ನಮ್ಮ ಕಿಟಕಿಗೆ ಅವರ ಗೋಡೆ ತಾಗುವಷ್ಟು ಹತ್ತಿರ ಬಂದಿದೆ, ಮುಂದೆ ಬಾಲ್ಕನಿ ಕರೆಂಟ್ ತಂತಿ ಕಡೆ ಹೋಗುತ್ತಿದೆ.’ ಅಷ್ಟರಲ್ಲಿ ನೆಲಮಹಡಿಯ ಪಿಲ್ಲರ್‌ಗಳು ಎದ್ದು, ಸೆಂಟ್ರಿಂಗ್ (ಕಾಂಕ್ರೀಟು ಸುರಿಯುವ ಹಲಗೆ ಅಚ್ಚು) ಮುಗಿದು, ಕಂಬಿ ಕಟ್ಟಿ ಆಗಿತ್ತು. ಮೋಲ್ಡ್, ಅಂದರೆ ಛಾವಣಿಯ ಕಾಂಕ್ರೀಟು ಹಾಕುವುದು, ಭಾನುವಾರ ಬೆಳಗ್ಗೆ. ಭಾನುವಾರವೇ ಏಕೆ ಎಂದು ಈ ಕೆಲಸ ಬಲ್ಲವರಿಗೆ ಹೇಳಬೇಕಿಲ್ಲ. ನಕ್ಷೆ ಮೀರಿದ ಸ್ಲ್ಯಾಬುಗಳಲ್ಲಿ ಬಹುಪಾಲು ಹಾಕುವುದು ಕಚೇರಿಗೆ ಬೀಗ ಬಿದ್ದ ದಿನವೇ.

ಹೋಗಬೇಕಾದವರು ಯಾರು

‘ಬಿಲ್ಡಿಂಗ್ ಇನ್‌ಸ್ಪೆಕ್ಟರ್ ಬಂದ್ರು’ ಎಂದು ಜನ ಹೇಳಿದರೂ, ಪಾಲಿಕೆಯಲ್ಲಿ ಸಾಮಾನ್ಯವಾಗಿ ಈ ಕೆಲಸ ಮಾಡುವವರು ಸಹಾಯಕ ಎಂಜಿನಿಯರ್ ಅಥವಾ ಕಿರಿಯ ಎಂಜಿನಿಯರ್. ಮೊದಲನೆಯ ಹುದ್ದೆಗೆ ಸಿವಿಲ್ ಬಿಇ, ಎರಡನೆಯದಕ್ಕೆ ಮೂರು ವರ್ಷದ ಸಿವಿಲ್ ಡಿಪ್ಲೊಮಾ ಬೇಕು. ನಕ್ಷೆ ಮಂಜೂರಾತಿ ನೋಡುವ ನಗರ ಯೋಜನೆ ಶಾಖೆಗೆ ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆಯಿಂದ ನಿಯೋಜನೆ ಮೇಲೆ ಬಂದವರೂ ಇರುತ್ತಾರೆ. ಕಲ್ಯಾಣ ಕರ್ನಾಟಕದ ಜಿಲ್ಲೆಗಳಾದ್ದರಿಂದ ಬಳ್ಳಾರಿ, ರಾಯಚೂರು, ಕೊಪ್ಪಳದ ನೇಮಕಾತಿಗೆ ಸಂವಿಧಾನದ 371ಜೆ ವಿಧಿಯ ಸ್ಥಳೀಯ ವೃಂದದ ಮೀಸಲಾತಿ ಅನ್ವಯಿಸುತ್ತದೆ.

ಪದವಿ ಕೆಲಸದ ಬಾಗಿಲು ತೆರೆಯುತ್ತದೆ, ಅಷ್ಟೇ. ಕಾಲೇಜಿನಲ್ಲಿ ಬೀಮ್ ಲೆಕ್ಕ ಕಲಿತವರಿಗೂ ಮೂರು ವಿಷಯ ಹೊರಗೇ ಕಲಿಯುವುದಿರುತ್ತದೆ: ಬಡಾವಣೆಯ ಮೂಲ ಗಡಿ ಕಲ್ಲು ಹುಡುಕುವುದು, ಕಾಯ್ದೆಯ ಯಾವ ಉಪಕಲಮಿನಲ್ಲಿ ಯಾವ ಕಾಗದ ಹೊರಡಬೇಕೆಂಬುದು, ಮತ್ತು ಕಂಡದ್ದನ್ನು ನ್ಯಾಯಾಲಯ ಓದಿದರೂ ಬೇರೆ ಅರ್ಥ ಬಾರದಂತೆ ಕನ್ನಡದಲ್ಲಿ ಬರೆಯುವುದು. ಈ ಮೂರರಲ್ಲಿ ಕೊನೆಯದೇ ಅತಿ ಕಡಿಮೆ ಜನಕ್ಕೆ ಬರುತ್ತದೆ. ನಿಂತುಹೋದ ಪ್ರಕರಣಗಳ ಕಡತ ತೆಗೆದರೆ, ಎಂಜಿನಿಯರಿಂಗ್ ತಪ್ಪಿಗಿಂತ ಬರವಣಿಗೆಯ ತಪ್ಪೇ ಹೆಚ್ಚು ಸಿಗುತ್ತದೆ.

ಅಧಿಕಾರದ ಮಾತಿನಲ್ಲೂ ಗೊಂದಲವಿದೆ. ಸ್ಥಳಕ್ಕೆ ಬಂದ ಎಂಜಿನಿಯರ್ ಗೋಡೆ ಒಡೆಯಲು ಆದೇಶಿಸುವಂತಿಲ್ಲ, ನಕ್ಷೆಗೆ ವಿನಾಯಿತಿ ಕೊಡುವಂತೆಯೂ ಇಲ್ಲ. 1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆ ಈ ಅಧಿಕಾರವನ್ನು ಆಯುಕ್ತರಿಗೆ ಕೊಟ್ಟಿದೆ. ಎಂಜಿನಿಯರ್ ಕೊಡುವುದು ಅಳತೆ, ಮಹಜರು, ವರದಿ. ಆದರೆ ಹೊಣೆ ಮಾತ್ರ ಹಗುರವಲ್ಲ: ತಮ್ಮ ವ್ಯಾಪ್ತಿಯ ಅನಧಿಕೃತ ಕಟ್ಟಡ ತಡೆಯಲು ತಪ್ಪಿದ ಅಧಿಕಾರಿಗೇ ದಂಡನೆ ಹೇಳುವ 321-ಬಿ ಕಲಂ ಅದೇ ಕಾಯ್ದೆಯಲ್ಲಿದೆ. ಅಧಿಕಾರ ಮೇಲೆ, ಹೊಣೆ ಕೆಳಗೆ. ಇದು ನ್ಯಾಯವೋ ಅಲ್ಲವೋ ಬೇರೆ ಚರ್ಚೆ. ಹೀಗಿರುವಾಗ ಸ್ಥಳ ಎಂಜಿನಿಯರಿಗೆ ಇರುವ ರಕ್ಷಣೆ ಒಂದೇ, ಅದೇ ದಿನ ಬರೆದ ವರದಿ.

ಇನ್ನೊಂದು ಗೆರೆಯನ್ನೂ ದಾಟುವಂತಿಲ್ಲ. ಪರಿಶೀಲಿಸುವವರೇ ಸಂಜೆ ಖಾಸಗಿಯಾಗಿ ನಕ್ಷೆ ಬರೆದುಕೊಡುವುದು, ‘ನಮ್ಮ ಪರಿಚಯದ ಎಂಜಿನಿಯರ್ ಹತ್ರ ಹೋಗ್ರಿ’ ಎನ್ನುವುದು ಸೇವಾ ನಡತೆ ನಿಯಮಕ್ಕೆ ನೇರ ವಿರುದ್ಧ.

ಹೊರಡುವ ಮುನ್ನ

ಕಡತ ಓದದೆ ಸ್ಥಳಕ್ಕೆ ಹೋದರೆ ಮೇಸ್ತ್ರಿ ತೋರಿಸಿದ್ದನ್ನಷ್ಟೇ ನೋಡಿ ಬರಬೇಕಾಗುತ್ತದೆ. ಈ ಪ್ರಕರಣದಲ್ಲಿ ಕಡತದಿಂದಲೇ ಎರಡು ವಿಷಯ ಹೊರಬಂದವು. ಒಂದು, ಪಾಯ ಗುರುತು ಹಾಕುವ ಮುನ್ನ ಮಾಲೀಕರು ಕೊಡಬೇಕಿದ್ದ ಕಾಮಗಾರಿ ಆರಂಭದ ಸೂಚನೆ ಕಡತದಲ್ಲಿ ಇರಲೇ ಇಲ್ಲ, ಹಾಗಾಗಿ ಗುರುತಿನ ಹಂತದ ಪರಿಶೀಲನೆಯೂ ನಡೆದಿರಲಿಲ್ಲ. ಎರಡು, ಮಂಜೂರಾದ ನಕ್ಷೆಯಲ್ಲಿ ಬಾಲ್ಕನಿಯೇ ಇಲ್ಲ, ಮುಂಭಾಗದಲ್ಲಿ 0.60 ಮೀಟರ್ ಸಜ್ಜಾ ಮಾತ್ರ.

ಜೊತೆಗೆ ಒಯ್ಯಬೇಕಾದದ್ದು: ಮಂಜೂರಾದ ನಕ್ಷೆಯ ಪ್ರತಿ, ಸ್ಟ್ರಕ್ಚರಲ್ ಡ್ರಾಯಿಂಗ್, ಬಡಾವಣೆಯ ಅನುಮೋದಿತ ನಕ್ಷೆ, ಖಾತೆಯ ಪ್ರತಿ. 30 ಮೀಟರ್ ಟೇಪು, ಲೇಸರ್ ಅಳತೆ ಯಂತ್ರ, ತೂಕದ ಗುಂಡು, ವರ್ನಿಯರ್, ಹೆಲ್ಮೆಟ್. ಲೇಸರ್ ಯಂತ್ರ ಮುಖ್ಯವಾಗಿ ತಂತಿಯ ಅಂತರಕ್ಕೆ. 11 ಕೆವಿ ತಂತಿಯ ಹತ್ತಿರ ಉಕ್ಕಿನ ಟೇಪು ಎತ್ತುವುದು, ಕಂಬಿ ಹಿಡಿದು ‘ಇಷ್ಟು ಅಂತರ ಅದೆ’ ಎಂದು ತೋರಿಸುವುದು, ಎರಡೂ ಪ್ರಾಣಕ್ಕೆ ಕುತ್ತು. ಮೇಸ್ತ್ರಿಗಳು ಎರಡನೆಯದನ್ನು ಮಾಡಲು ಹೋಗುತ್ತಾರೆ, ಮೊದಲೇ ತಡೆಯಬೇಕು.

ಮೊದಲು ನಿವೇಶನ, ಆಮೇಲೆ ಕಟ್ಟಡ

ಕಾಂಪೌಂಡ್ ಗೋಡೆಯೇ ಗಡಿ ಎಂದುಕೊಂಡು ಅಳೆಯುವುದು ಅತಿ ಸಾಮಾನ್ಯ ತಪ್ಪು. ಕಾಂಪೌಂಡು ಯಾರು, ಯಾವಾಗ, ಎಲ್ಲಿ ಕಟ್ಟಿದರೋ! ಬಡಾವಣೆಯ ಕಲ್ಲಿನಿಂದ, ಅದು ಕಿತ್ತುಹೋಗಿದ್ದರೆ ಮೂಲೆ ನಿವೇಶನದಿಂದ ಸಾಲಾಗಿ ಅಳೆದುಕೊಂಡು ಬರಬೇಕು. ಇಲ್ಲಿ ವಾಯವ್ಯ ಮೂಲೆಯ ಕಲ್ಲು ಇತ್ತು. ನಾಲ್ಕೂ ಬದಿಯ ಜೊತೆ ಎರಡು ಕರ್ಣಗಳನ್ನೂ ಅಳೆಯಬೇಕು. 9 ಮತ್ತು 12ರ ನಿವೇಶನದ ಕರ್ಣ ಸರಿಯಾಗಿ 15 ಮೀಟರ್ ಬರುತ್ತದೆ, ಲೆಕ್ಕಕ್ಕೂ ಸುಲಭ. ಎರಡು ಕರ್ಣಗಳಲ್ಲಿ ಹತ್ತು ಸೆಂಟಿಮೀಟರ್ ವ್ಯತ್ಯಾಸ ಬಂದರೆ ನಿವೇಶನ ಸೊಟ್ಟಗಿದೆ ಎಂದು ತಿಳಿದು, ಸೆಟ್‌ಬ್ಯಾಕನ್ನು ಒಂದೇ ಕಡೆಯಲ್ಲ, ಪ್ರತಿ ಬದಿಯ ಎರಡೂ ತುದಿಯಲ್ಲಿ ಅಳೆದು ಕಡಿಮೆ ಇರುವುದನ್ನು ಬರೆಯಬೇಕು. ಇಲ್ಲಿ ಕರ್ಣಗಳು ಸರಿಯಿದ್ದವು. ತಪ್ಪು ನಿವೇಶನದ್ದಲ್ಲ, ಕಟ್ಟಡದ್ದೇ.

ಸಿಕ್ಕ ಅಳತೆಗಳು ಹೀಗಿವೆ. ಮುಂಭಾಗ 1.46 ಮೀಟರ್. ನಾಲ್ಕು ಸೆಂಟಿಮೀಟರ್ ಕಡಿಮೆ. ಗುರುತಿನಲ್ಲಿ ಆಗುವ ಇಂಥ ವ್ಯತ್ಯಾಸವನ್ನು ಬರೆದುಕೊಂಡು, ಉಪವಿಧಿಯ ಸಹಿಷ್ಣುತೆಗೆ ಬಿಟ್ಟು ಮುಂದೆ ಹೋಗುವುದೇ ಸರಿ. ಇಂಥದ್ದನ್ನೂ ದೊಡ್ಡದು ಮಾಡಿ ನೋಟಿಸಿನಲ್ಲಿ ತುಂಬಿದರೆ, ನಿಜವಾದ ಉಲ್ಲಂಘನೆಯೂ ಕಿರುಕುಳದಂತೆ ಕಾಣತೊಡಗುತ್ತದೆ. ಹಿಂಭಾಗ, ಉತ್ತರ ಎರಡೂ ಸರಿ.

ದಕ್ಷಿಣದ್ದೇ ತಕರಾರು. 1.00 ಮೀಟರ್ ಇರಬೇಕಾದ ಕಡೆ ಪಿಲ್ಲರ್ ಸಾಲಿನ ಹೊರಮೈ ಗಡಿಯಿಂದ 0.62 ಮೀಟರ್‌ನಲ್ಲಿದೆ. ಅದರ ಮೇಲೆ ಸ್ಲ್ಯಾಬಿನ ಸೆಂಟ್ರಿಂಗ್ ಇನ್ನೂ 0.45 ಹೊರಗೆ ಚಾಚಿದೆ. ಹೀಗೇ ಬಿಟ್ಟರೆ ಗಡಿಗೂ ಸ್ಲ್ಯಾಬಿಗೂ ಉಳಿಯುವುದು 17 ಸೆಂಟಿಮೀಟರ್. ‘ಒಂದಡಿ ಅಷ್ಟೇ ಅಲ್ರೀ ಸರ್, ಒಳಗ ಹಾಲ್ ದೊಡ್ಡದಾಗ್ಲಿ ಅಂತ’ ಎನ್ನುವ ಮಾತು ಇಲ್ಲಿ ಬಂದೇ ಬರುತ್ತದೆ. ಅದಕ್ಕೆ ವಾದ ಬೇಡ, ಮಂಜೂರಾದದ್ದರ ನೂರಕ್ಕೆ 38 ಕಡಿಮೆ ಎಂದು ಬರೆದರೆ ಸಾಕು.

ಕಣ್ಣಿಗೆ ಕಾಣದ ತೊಂದರೆ ನೆಲದಡಿ ಇತ್ತು. ಡ್ರಾಯಿಂಗಿನಲ್ಲಿ ಈ ಪಿಲ್ಲರುಗಳ ಫೂಟಿಂಗ್ (ಪಿಲ್ಲರ್ ಕೂರುವ ಅಗಲದ ಪಾಯ) 1.50 ಮೀಟರ್ ಚೌಕ, ಪಿಲ್ಲರ್ ಅಗಲ 230 ಮಿಮೀ. ಹೊರಮೈ 0.62ರಲ್ಲಿದ್ದರೆ ಪಿಲ್ಲರ್ ನಡು ಗಡಿಯಿಂದ 0.735 ಮೀಟರ್. ಫೂಟಿಂಗಿನ ಅರ್ಧ 0.75. ಅಂದರೆ ಫೂಟಿಂಗಿನ ಅಂಚು ಒಂದೂವರೆ ಸೆಂಟಿಮೀಟರ್, ಅದರ ಕೆಳಗಿನ ಬೆಡ್ ಕಾಂಕ್ರೀಟು ಹತ್ತು ಸೆಂಟಿಮೀಟರ್ ಹೊರಚಾಚಿದ್ದರೆ ಒಟ್ಟು ಹನ್ನೊಂದೂವರೆ ಸೆಂಟಿಮೀಟರ್ ಪಕ್ಕದವರ ನೆಲದಲ್ಲಿದೆ. ನಕ್ಷೆಯಂತೆ ಕಟ್ಟಿದ್ದರೆ ಬೆಡ್ ಸೇರಿಯೂ ಎಲ್ಲವೂ ಒಳಗೇ ಇರುತ್ತಿತ್ತು. ಹೀಗಾಗಿ ವಿಷಯ ಪಾಲಿಕೆಯ ಸೆಟ್‌ಬ್ಯಾಕಿನಲ್ಲಿ ಮುಗಿಯಲಿಲ್ಲ, ಪಕ್ಕದವರ ಹಕ್ಕಿಗೂ ಬಂತು. ಗಡಿ ವ್ಯಾಜ್ಯ ತೀರ್ಮಾನಿಸುವುದು ಪಾಲಿಕೆಯ ಕೆಲಸವಲ್ಲ, ಅದು ಸಿವಿಲ್ ನ್ಯಾಯಾಲಯದ್ದು. ವರದಿಯಲ್ಲಿ ಲೆಕ್ಕವನ್ನಷ್ಟೇ ಬರೆಯಬೇಕು, ‘ಒತ್ತುವರಿ’ ಎಂಬ ತೀರ್ಪು ಬರೆಯಬಾರದು.

ತಂತಿ

ರಸ್ತೆ ಬದಿಯ 11 ಕೆವಿ ಲೈನಿನ ಹತ್ತಿರದ ತಂತಿ ನಿವೇಶನದ ಗಡಿಯಿಂದ 0.50 ಮೀಟರ್ ಆಚೆ ಹಾದಿದೆ. ಗೋಡೆಯಿಂದ ಲೆಕ್ಕ ಹಾಕಿದರೆ 1.96 ಮೀಟರ್, ತೊಂದರೆಯಿಲ್ಲ. ಸೆಂಟ್ರಿಂಗಿನಲ್ಲಿ ಬಾಲ್ಕನಿ 1.00 ಮೀಟರ್ ಚಾಚಿದೆ, ಉಳಿಯುವುದು 0.96. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮದಂತೆ 11 ಕೆವಿ ತಂತಿಗೂ ಕಟ್ಟಡದ ಯಾವುದೇ ಭಾಗಕ್ಕೂ ಅಡ್ಡ ಅಂತರ ಕನಿಷ್ಠ 1.2 ಮೀಟರ್, ಕಟ್ಟಡದ ಮೇಲೆ ಹಾದಿದ್ದರೆ ಲಂಬ ಅಂತರ 3.7 ಮೀಟರ್ ಇರಲೇಬೇಕು. ಅಡ್ಡ ಅಂತರವಂತೂ ನಿಂತ ತಂತಿಗಲ್ಲ, ಗಾಳಿಗೆ ಗರಿಷ್ಠ ತೂಗಿದಾಗಿನ ತಂತಿಗೆ. ಗಾಳಿಯಿಲ್ಲದ ಬೆಳಗ್ಗೆ ಅಳೆದು 1.25 ಬಂತೆಂದು ಸಮಾಧಾನಪಟ್ಟರೆ ಮುಂಗಾರು ಪೂರ್ವದ ಗಾಳಿಗೆ ಆ ಐದು ಸೆಂಟಿಮೀಟರ್ ಉಳಿಯುವುದಿಲ್ಲ.

ಇಲ್ಲಿ ಎರಡು ದಾರಿ: ಬಾಲ್ಕನಿ ಕಡಿಮೆ ಮಾಡುವುದು, ಇಲ್ಲವೇ ವಿದ್ಯುತ್ ಕಂಪನಿ ಜೆಸ್ಕಾಂಗೆ ಅರ್ಜಿ ಕೊಟ್ಟು ಸ್ವಂತ ಖರ್ಚಿನಲ್ಲಿ ಲೈನ್ ಸರಿಸುವುದು. ‘ಪೈಪ್ ಹಾಕಿಸ್ತೀವಿ ಸರ್’ ಎಂದು ತಂತಿಗೆ ಪ್ಲಾಸ್ಟಿಕ್ ಕೊಳವೆ ತೊಡಿಸುವುದು ಮೂರನೆಯ ದಾರಿಯಲ್ಲ. ಆ ಕೊಳವೆ 11 ಕೆವಿಯನ್ನು ತಡೆಯುವುದಿಲ್ಲ.

ಕಂಬಿಯ ಮೇಲೆ ಹತ್ತಿದಾಗ

ಪಾಲಿಕೆಯ ಎಂಜಿನಿಯರ್ ಕಂಬಿ ನೋಡಬೇಕೇ ಬೇಡವೇ ಎಂಬುದಕ್ಕೆ ಎರಡು ಅಭಿಪ್ರಾಯಗಳಿವೆ. ಕಟ್ಟಡದ ಬಲಕ್ಕೆ ಹೊಣೆ ಮಾಲೀಕರದ್ದು, ಮೇಲ್ವಿಚಾರಣೆಗೆ ಸಹಿ ಹಾಕಿದ ನೋಂದಾಯಿತ ಎಂಜಿನಿಯರದ್ದು, ಸ್ಟ್ರಕ್ಚರಲ್ ಎಂಜಿನಿಯರದ್ದು. ಪಾಲಿಕೆಯವರು ‘ಕಂಬಿ ಸರಿಯಿದೆ’ ಎಂದು ಬರೆದುಕೊಟ್ಟರೆ ನಾಳೆ ಬಿರುಕು ಬಿಟ್ಟಾಗ ಎಲ್ಲರೂ ಆ ಚೀಟಿ ತೋರಿಸುತ್ತಾರೆ. ಹಾಗಾಗಿ ಒಪ್ಪಿಗೆ ಬರೆಯಕೂಡದು. ಆದರೆ ಕಣ್ಣಿಗೆ ಬಿದ್ದ ಅಪಾಯವನ್ನು ಬರೆಯದೆ ಬರುವುದೂ ತಪ್ಪು. ಕಂಡದ್ದನ್ನು ಬರೆದು, ಸ್ಟ್ರಕ್ಚರಲ್ ಎಂಜಿನಿಯರಿಂದ ಲಿಖಿತ ಉತ್ತರ ಕೇಳುವುದು ಸರಿಯಾದ ಮಧ್ಯದ ದಾರಿ.

ಕಂಡದ್ದೇನು? ಸ್ಲ್ಯಾಬ್ ದಪ್ಪ 125 ಮಿಮೀ. ಕಂಬಿಯನ್ನು ಹಲಗೆಯಿಂದ ಎತ್ತಿ ಹಿಡಿಯುವ ಕವರ್ ಬ್ಲಾಕ್ ಇಲ್ಲ, ಕಂಬಿ ಕೆಲವು ಕಡೆ ಪ್ಲೈವುಡ್ ಮೇಲೆ ನೇರ ಮಲಗಿದೆ, ಕೆಲವು ಕಡೆ ಖಡಿ ಚೂರು ಇಟ್ಟಿದ್ದಾರೆ. ಕಾಂಕ್ರೀಟಿನ ಸಂಹಿತೆಯಾದ ಐಎಸ್ 456ರ ಪ್ರಕಾರ ಸೌಮ್ಯ (ಮೈಲ್ಡ್) ವಾತಾವರಣದ ಸ್ಲ್ಯಾಬಿಗೆ 20 ಮಿಮೀ ಕವರ್, ಅಂದರೆ ಕಂಬಿಯ ಮೇಲೆ ಕಾಂಕ್ರೀಟಿನ ಹೊದಿಕೆ, ಬೇಕು. ಖಡಿ ಚೂರು ಕಂಬಿ ಅಲುಗಿದ ಕೂಡಲೇ ಜಾರಿ ಬೀಳುತ್ತದೆ, ಕಂಬಿ ಕೆಳಗಿಳಿಯುತ್ತದೆ, ಕೆಲವು ವರ್ಷಕ್ಕೆ ಛಾವಣಿಯ ಅಡಿಯಲ್ಲಿ ತುಕ್ಕಿನ ಗೆರೆ ಮೂಡಿ ಗಿಲಾವು ಉದುರುತ್ತದೆ.

ಬಾಲ್ಕನಿಯ ಸ್ಥಿತಿ ಇದಕ್ಕಿಂತ ಕೆಟ್ಟದು. ಗೋಡೆಯಿಂದ ಹೊರಚಾಚಿದ ಸ್ಲ್ಯಾಬಿಗೆ ಎಳೆತ ಬೀಳುವುದು ಮೇಲ್ಮೈಯಲ್ಲಿ, ಆದ್ದರಿಂದ ಮುಖ್ಯ ಕಂಬಿ ಮೇಲೆ ಇರಬೇಕು. ಇಲ್ಲಿ ಮೇಲಿನ 10 ಮಿಮೀ ಕಂಬಿಗಳಿಗೆ ಕುರ್ಚಿ, ಅಂದರೆ ಅವನ್ನು ಮೇಲೆ ಎತ್ತಿ ಹಿಡಿಯುವ ಬಾಗಿಸಿದ ಕಂಬಿ, ಇಟ್ಟಿರಲಿಲ್ಲ. ಕೆಲಸದವರು ಓಡಾಡಿ ತುಳಿದು ಸುಮಾರು 40 ಮಿಮೀ ಕೆಳಗಿಳಿದಿದ್ದವು. 125 ಮಿಮೀ ಸ್ಲ್ಯಾಬಿನಲ್ಲಿ 20 ಮಿಮೀ ಕವರ್, ಕಂಬಿಯ ಅರ್ಧ 5 ಮಿಮೀ ಕಳೆದರೆ ಪರಿಣಾಮಕಾರಿ ಆಳ (ಸ್ಲ್ಯಾಬಿನ ತಳದಿಂದ ಕಂಬಿಯ ನಡುವಿನವರೆಗೆ) 100 ಮಿಮೀ. ತುಳಿತಕ್ಕೆ ಅದು 60ಕ್ಕೆ ಇಳಿಯಿತು. ಕಂಬಿ ಒಂದೂ ಕಡಿಮೆಯಾಗದೆ ಬಾಲ್ಕನಿಯ ಬಲ ನೂರಕ್ಕೆ ಸುಮಾರು 40 ಕುಸಿದಂತಾಯಿತು. ಸೆಂಟ್ರಿಂಗ್ ಬಿಚ್ಚಿದ ದಿನವೇ ಬಾಗುವ, ಕೆಲವೊಮ್ಮೆ ಬೀಳುವ ಬಾಲ್ಕನಿಗಳ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ.

ಕಂಬಿ ಒಳಗೆ ಹೋದ ಉದ್ದವೂ ಸಾಲದು. ಎಂ20 ದರ್ಜೆಯ ಕಾಂಕ್ರೀಟಿನಲ್ಲಿ 10 ಮಿಮೀ ಎಫ್‌ಇ500 ದರ್ಜೆಯ ಕಂಬಿ ಪೂರ್ತಿ ಬಲ ಕೊಡಲು ಐಎಸ್ 456ರ ಲೆಕ್ಕದಲ್ಲಿ ಸುಮಾರು 570 ಮಿಮೀ ಹಿಡಿತ ಬೇಕು. ಹೊರಚಾಚಿದ್ದರ ಒಂದೂವರೆ ಪಟ್ಟು ಒಳಗೆ ಎಳೆಯುವುದು ರೂಢಿಯ ಒಳ್ಳೆಯ ಪದ್ಧತಿ. ಇಲ್ಲಿ ಬೀಮಿನ ಒಳಗೆ ಹೋದದ್ದು 300 ಮಿಮೀ.

ಇನ್ನೊಂದು ಸಣ್ಣ ಗುರುತು. ಕಂಬಿಯ ನಡುವೆ ಹಾಸಿದ ವೈರಿಂಗ್ ಪೈಪುಗಳನ್ನು ನೋಡಿದರೆ, ಮಲಗುವ ಕೋಣೆ, ಅಡುಗೆಮನೆ ಎಂದು ನಕ್ಷೆಯಲ್ಲಿದ್ದ ಕಡೆಯೆಲ್ಲ ಸುಮಾರು 1.2 ಮೀಟರಿಗೊಂದರಂತೆ ಸಾಲಾಗಿ ಪಾಯಿಂಟುಗಳು ಇಳಿದಿವೆ. ನಡುವೆ ಗೋಡೆಗಳಿಗೆ ಗುರುತೇ ಇಲ್ಲ. ಬಳ್ಳಾರಿಯಲ್ಲಿ ಇದು ಏನೆಂದು ಕೇಳಬೇಕಿಲ್ಲ, ಜೀನ್ಸ್ ಹೊಲಿಗೆ ಘಟಕ. ದಕ್ಷಿಣಕ್ಕೆ 38 ಸೆಂಟಿಮೀಟರ್ ಏಕೆ ಸರಿಯಿತು ಎಂಬುದಕ್ಕೂ ಉತ್ತರ ಇದೇ: ಕಟಿಂಗ್ ಟೇಬಲ್ಲಿನ ಎರಡೂ ಬದಿ ಜನ ನಿಲ್ಲುವಷ್ಟು ಜಾಗ ಬೇಕಿತ್ತು.

ಉದ್ದೇಶದ ಮೇಲೆ ಉಲ್ಲಂಘನೆ ಬರೆಯಲಾಗದು. ಮನೆ ಮುಗಿದು ಮಷಿನ್ ಕೂತಾಗಲೇ ಉಪಯೋಗ ಬದಲಾವಣೆ. ಆದರೆ ಸ್ಟ್ರಕ್ಚರಲ್ ಎಂಜಿನಿಯರಿಗೆ ಕೇಳಲೇಬೇಕಾದ ಪ್ರಶ್ನೆಯೊಂದು ಉಳಿಯಿತು, ಏಕೆಂದರೆ ಬಟ್ಟೆಯ ಬಂಡಲುಗಳನ್ನು ಈ ಸ್ಲ್ಯಾಬಿನ ಮೇಲೆ, ಅಂದರೆ ಮೊದಲ ಮಹಡಿಯಲ್ಲಿ ಪೇರಿಸುವ ಯೋಚನೆ ಇತ್ತು. ವಾಸದ ಕೋಣೆಗೆ ಕಟ್ಟಡದ ಭಾರಗಳ ಸಂಹಿತೆ ಐಎಸ್ 875ರಂತೆ ಚದರ ಮೀಟರಿಗೆ 2 ಕಿಲೋನ್ಯೂಟನ್ ಭಾರ ಹಿಡಿದು ವಿನ್ಯಾಸ ಮಾಡುತ್ತಾರೆ, ಸ್ಥೂಲವಾಗಿ 200 ಕಿಲೋ. ಹಗುರ ಯಂತ್ರಗಳ ಕಾರ್ಖಾನೆ ನೆಲಕ್ಕೆ ಅದೇ ಸಂಹಿತೆ 5 ಹೇಳುತ್ತದೆ, ದಾಸ್ತಾನು ಕೋಣೆಗೆ ಕನಿಷ್ಠ 7.5. ಮೂರೂವರೆ ಪಟ್ಟಿಗಿಂತ ಹೆಚ್ಚು. ಡೆನಿಮ್ ತಾನುಗಳನ್ನು ಗೋಡೆಗೊರಗಿಸಿ ಆಳೆತ್ತರ ಪೇರಿಸಿದ ಮನೆ ನೋಡಿದವರಿಗೆ ಈ ಅಂಕಿ ಉತ್ಪ್ರೇಕ್ಷೆ ಎನಿಸದು.

ಶನಿವಾರ ಮಧ್ಯಾಹ್ನದ ಕಾಗದ

ಸ್ಥಳದಲ್ಲೇ ಮಹಜರು ಬರೆಯಬೇಕು: ದಿನಾಂಕ, ಗಂಟೆ, ನಿವೇಶನ ಸಂಖ್ಯೆ, ಚಕ್ಕುಬಂದಿ, ಕಾಮಗಾರಿಯ ಹಂತ, ಮಂಜೂರಾದ ಅಳತೆ ಮತ್ತು ಸಿಕ್ಕ ಅಳತೆ ಎದುರುಬದುರಾಗಿ, ಕೈಯಿಂದ ಬರೆದ ಚಿತ್ರ, ಇಬ್ಬರು ಪಂಚರ ಸಹಿ. ಅರ್ಜಿದಾರರನ್ನೇ ಪಂಚರನ್ನಾಗಿ ಮಾಡಬಾರದು. ಫೋಟೋದಲ್ಲಿ ಟೇಪಿನ ಅಂಕಿ ಓದುವಂತಿರಬೇಕು, ಇನ್ನೊಂದು ಫೋಟೋ ದೂರದಿಂದ, ಪಕ್ಕದ ಮನೆ ಗುರುತಾಗುವಂತೆ. ಮಾಲೀಕರು ಸಹಿ ಹಾಕಲು ಒಪ್ಪದಿದ್ದರೆ ‘ಓದಿ ಹೇಳಲಾಗಿದೆ, ಸಹಿ ನಿರಾಕರಿಸಿದ್ದಾರೆ’ ಎಂದು ಪಂಚರ ಎದುರೇ ಬರೆದರೆ ಸಾಕು, ಜಗ್ಗಾಟ ಬೇಡ. ‘ಕೆಲಸ ನಿಲ್ಲಿಸ್ರಿ’ ಎಂದು ಬಾಯಲ್ಲಿ ಹೇಳಿ ಬಂದದ್ದಕ್ಕೆ ಸೋಮವಾರ ಯಾವ ಬೆಲೆಯೂ ಇಲ್ಲ.

ವರದಿ ಸಹಾಯಕ ಕಾರ್ಯಪಾಲಕ ಎಂಜಿನಿಯರ್ ಮೂಲಕ ಆಯುಕ್ತರಿಗೆ ಹೋಗುತ್ತದೆ. 321ನೇ ಕಲಂ ಮೂರು ಮೆಟ್ಟಿಲಿನದು. ಒಂದನೇ ಉಪಕಲಮಿನಲ್ಲಿ ತಾತ್ಕಾಲಿಕ ಆದೇಶ. ಎರಡರಲ್ಲಿ ಆ ಆದೇಶದ ಪ್ರತಿಯೊಡನೆ, ಅದನ್ನು ಏಕೆ ಖಾಯಂ ಮಾಡಬಾರದು ಎಂದು ಕಾರಣ ಕೇಳುವ ನೋಟಿಸ್. ಮಾಲೀಕರ ಉತ್ತರ ಪರಿಶೀಲಿಸಿದ ಮೇಲೆ ಮೂರರಲ್ಲಿ ಅಂತಿಮ ಆದೇಶ. ಮೂರನೆಯದರ ಮೇಲೆ 443-ಎ ಕಲಮಿನಡಿ ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಮೆಟ್ಟಿಲು ಹಾರಿದ ಕಡತ ಅಲ್ಲಿ ನಿಲ್ಲುವುದಿಲ್ಲ.

ಕಡತ ಬೀಳುವುದು ಎಲ್ಲಿ? ‘ನಕ್ಷೆ ಉಲ್ಲಂಘಿಸಿ ಕಟ್ಟಲಾಗಿದೆ’ ಎಂದಷ್ಟೇ ಬರೆದು ಯಾವ ಬದಿ, ಎಷ್ಟು ಎಂದು ಬರೆಯದಿರುವುದು. ತೀರಿಹೋದ ತಂದೆಯ ಹೆಸರಲ್ಲೇ ಇರುವ ಖಾತೆ ನೋಡಿ ಅವರ ಹೆಸರಿಗೇ ನೋಟಿಸ್ ಕೊಡುವುದು. ತಲುಪಿಸಿದ್ದಕ್ಕೆ ಪುರಾವೆ ಇಲ್ಲದಿರುವುದು. ಕಾಯ್ದೆಯನ್ನೇ ತಪ್ಪು ಹಾಕುವುದೂ ಉಂಟು: ಕೊಪ್ಪಳ, ಗಂಗಾವತಿಯಂಥ ನಗರಸಭೆಗಳಿಗೆ ಅನ್ವಯಿಸುವುದು 1964ರ ಪುರಸಭೆಗಳ ಕಾಯ್ದೆಯ 187ನೇ ಕಲಂ. ಅಲ್ಲಿಂದ ವರ್ಗವಾಗಿ ಬಂದವರು ಹಳೆಯ ನಮೂನೆಯಲ್ಲೇ ಹೆಸರು ತಿದ್ದಿ ಪಾಲಿಕೆಯ ನೋಟಿಸ್ ಹೊರಡಿಸಿದರೆ ಎದುರು ವಕೀಲರಿಗೆ ಅದೊಂದೇ ಸಾಕು. ತೆರವಿನ ಹಂತಕ್ಕೆ ಹೋದರೆ ಸುಪ್ರೀಂ ಕೋರ್ಟ್ 2024ರ ನವೆಂಬರ್ 13ರಂದು ಹೇಳಿದ ಕನಿಷ್ಠ 15 ದಿನದ ನೋಟಿಸ್, ನೋಂದಾಯಿತ ಅಂಚೆ, ಕಟ್ಟಡಕ್ಕೆ ಅಂಟಿಸುವುದು ಇವೆಲ್ಲ ಸೇರಿಕೊಳ್ಳುತ್ತವೆ.

ಈ ಪ್ರಕರಣದಲ್ಲಿ ತಾತ್ಕಾಲಿಕ ಆದೇಶ, ನೋಟಿಸ್ ಎರಡೂ ಅದೇ ಸಂಜೆ ಮಾಲೀಕರ ಕೈಗೆ ತಲುಪಿದವು, ಗೇಟಿಗೂ ಅಂಟಿದವು. ಹೆಚ್ಚು ಕೆಲಸ ಮಾಡಿದ್ದು ಮಾತ್ರ ಇನ್ನೊಂದು ಪ್ರತಿ. ಮೇಲ್ವಿಚಾರಣೆಗೆ ಸಹಿ ಹಾಕಿದ್ದ ನೋಂದಾಯಿತ ಎಂಜಿನಿಯರಿಗೆ ಅದು ಹೋಯಿತು. ತಮ್ಮ ನೋಂದಣಿಯ ಪ್ರಶ್ನೆ ಬಂದ ಕೂಡಲೇ ಅವರೇ ಭಾನುವಾರದ ಮಿಕ್ಸರ್, ಕೂಲಿ ಎರಡನ್ನೂ ನಿಲ್ಲಿಸಿದರು.

ಸರಿಪಡಿಸಿದ ಬಗೆ

ಬಾಲ್ಕನಿಗೆ ಪರಿಹಾರ ಸುಲಭವಾಗಿತ್ತು. ಹಲಗೆ 0.60ಕ್ಕೆ ಹಿಂದೆ ಬಂತು, ನಕ್ಷೆಯ ಸಜ್ಜಾದಷ್ಟೇ. ತಂತಿಗೆ ಅಂತರ 1.36 ಮೀಟರ್ ಆಯಿತು. ದಕ್ಷಿಣದ 0.45 ಚಾಚು ಪೂರ್ತಿ ಹೋಯಿತು. ಮೇಲಿನ ಕಂಬಿಗೆ ಕುರ್ಚಿ, ಕೆಳಗೆ ಸಿಮೆಂಟಿನ ಕವರ್ ಬ್ಲಾಕ್.

ಪಿಲ್ಲರ್ ಸಾಲಿಗೆ ಅಂಥ ಸುಲಭ ದಾರಿ ಇರಲಿಲ್ಲ. ಗೋಡೆಯನ್ನಷ್ಟೇ ಒಳಗೆ ಕಟ್ಟಿ ಪಿಲ್ಲರ್ ಅಲ್ಲೇ ಬಿಡುತ್ತೇವೆ ಎಂಬುದು ಮಾಲೀಕರ ಮೊದಲ ಉತ್ತರ. ಪಿಲ್ಲರೂ ಕಟ್ಟಡದ ಭಾಗವೇ, ಆದ್ದರಿಂದ ಅದು ನಡೆಯದು. ಹಳೆಯದರ ಪಕ್ಕ ಹೊಸ ಫೂಟಿಂಗ್ ಹಾಕೋಣವೆಂದರೆ ನಡುವಿನ ಅಂತರ 38 ಸೆಂಟಿಮೀಟರ್ ಮಾತ್ರ, ಎರಡೂ 1.50 ಮೀಟರಿನವು, ಒಂದರ ಮೇಲೊಂದು ಬೀಳುತ್ತವೆ. ಕೊನೆಗೆ ದಕ್ಷಿಣದ ಬೀಮು, ಸೆಂಟ್ರಿಂಗ್ ಬಿಚ್ಚಿ, ಮೂರು ಪಿಲ್ಲರುಗಳನ್ನು ಫೂಟಿಂಗ್ ಸಮೇತ ಒಡೆದು ಹೊಸದಾಗಿ ಎಬ್ಬಿಸುವುದೇ ಸ್ಟ್ರಕ್ಚರಲ್ ಎಂಜಿನಿಯರ್ ಕೊಟ್ಟ ಪರಿಹಾರ.

ಅಗೆದಾಗ ಇನ್ನೊಂದು ಗುಟ್ಟು ಹೊರಬಿತ್ತು. ಡ್ರಾಯಿಂಗಿನಲ್ಲಿ ‘1.80 ಮೀಟರ್ ಆಳ, ಗಟ್ಟಿ ಮೊರಮಿನ ಮೇಲೆ’ ಎಂದಿದ್ದ ಫೂಟಿಂಗ್ 1.50 ಮೀಟರ್ ಆಳದಲ್ಲೇ, ಎರೆಮಣ್ಣಿನ ಮೇಲೆ ಕೂತಿತ್ತು. ಎರೆ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಹಗುರವಾದ ಎರಡು ಅಂತಸ್ತಿನ ಮನೆಯನ್ನು ಎತ್ತಿ ಇಳಿಸಲು ಅದಕ್ಕೆ ಕಷ್ಟವಿಲ್ಲ. ಪ್ಲಿಂತ್ (ನೆಲಗಟ್ಟಿನ ಮಟ್ಟ) ಮೇಲೆ, ಕಿಟಕಿ ಮೂಲೆಯಿಂದ ಓರೆಯಾಗಿ ಏರುವ ಬಿರುಕುಗಳಿಗೆ ಸಾಮಾನ್ಯವಾಗಿ ಇದೇ ಮೂಲ. ಹೊಸ ಮೂರನ್ನು ಮಾತ್ರ ಮೊರಮಿಗೆ ಇಳಿಸಿ ಉಳಿದವನ್ನು ಎರೆಯಲ್ಲೇ ಬಿಟ್ಟರೆ ಮತ್ತೂ ಅಪಾಯ, ಒಂದು ಬದಿ ನಿಂತು ಇನ್ನೊಂದು ಬದಿ ಏರಿಳಿಯುತ್ತದೆ. ಹಾಗಾಗಿ ಉಳಿದ ಪ್ರತಿ ಫೂಟಿಂಗಿನ ಪಕ್ಕ ಗುಂಡಿ ತೆಗೆದು ನೋಡಬೇಕಾಯಿತು. ಎರೆಯ ಮೇಲೆ ನಿಂತಿದ್ದ ಎರಡಕ್ಕೆ, ಮೇಲೆ ಆಧಾರ ಕೊಟ್ಟು, ಒಂದು ಮುಗಿದ ಮೇಲೆ ಇನ್ನೊಂದರಂತೆ, ಕೆಳಗೆ ಮೊರಮಿನವರೆಗೆ ಕಾಂಕ್ರೀಟು ತುಂಬಿದರು.

ಗುರುತಿನ ದಿನ ಯಾರಾದರೂ ನಕ್ಷೆ ಹಿಡಿದು ನಿಂತಿದ್ದರೆ ಈ ಇಡೀ ತಿದ್ದುಪಡಿ ಒಂದು ಸುಣ್ಣದ ಗೆರೆ ಅಳಿಸಿ ಇನ್ನೊಂದು ಎಳೆಯುವ ಕೆಲಸ. ಗುಂಡಿ ತೋಡಿದ ದಿನ ಬಂದಿದ್ದರೆ ಇನ್ನೊಂದಡಿ ಅಗೆಯುವ ಕೂಲಿ. ಪಾಲಿಕೆಯ ಎಂಜಿನಿಯರಿಗೆ ಒಂದು ಕಟ್ಟಡಕ್ಕೆ ಮೂರೇ ಭೇಟಿಗೆ ಸಮಯವಿದೆ ಎಂದರೆ ಅವು ಗುರುತು, ಪ್ಲಿಂತ್ ಮಟ್ಟ, ಮೊದಲ ಸ್ಲ್ಯಾಬಿಗೆ ಮುನ್ನ ಆಗಿರಬೇಕು. ಛಾವಣಿ ಮುಗಿದ ಮೇಲೆ ಹೋಗಿ ತೆಗೆದ ಹತ್ತು ಫೋಟೋಗಳಿಗೆ ಇವುಗಳಲ್ಲಿ ಒಂದರ ಬೆಲೆಯೂ ಇಲ್ಲ.

ಕೊನೆಗೆ ಸ್ಲ್ಯಾಬು ಹಾಕಿದಾಗ ಒಟ್ಟು ಸುಮಾರು 12 ಘನ ಮೀಟರ್ ಕಾಂಕ್ರೀಟು. ಐಎಸ್ 456ರಂತೆ 6ರಿಂದ 15 ಘನ ಮೀಟರಿಗೆ ಎರಡು ಮಾದರಿ, ಮಾದರಿಗೆ ಮೂರರಂತೆ ಬಲ ಪರೀಕ್ಷೆಗೆ ಆರು ಕ್ಯೂಬು. ಬಳ್ಳಾರಿಯ ಬೇಸಿಗೆಯಲ್ಲಿ ಹನ್ನೊಂದಕ್ಕೆ ಶುರುಮಾಡಿದರೆ ಬಿಸಿಲಿಗೆ ಕಾಂಕ್ರೀಟು ಬಿಗಿಯಾಗಿ, ಮೇಲಿನವರು ‘ನೀರ್ ಬಿಡೋ’ ಎನ್ನುತ್ತಾರೆ, ಬಲ ಅಲ್ಲೇ ಹೋಗುತ್ತದೆ. ನಸುಕಿನಲ್ಲೇ ಶುರುವಾಗಬೇಕು. ಬಿಸಿ, ಒಣ ಹವೆಗೆ ಸಂಹಿತೆ ಹೇಳುವ ಕ್ಯೂರಿಂಗ್ ಕನಿಷ್ಠ 10 ದಿನ. ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸುವ ನಮ್ಮ ಪದ್ಧತಿಯೇ ಇದಕ್ಕೆ ಸರಿ. ಸ್ಲ್ಯಾಬಿನ ಅಡಿಯ ಕಂಬಗಳನ್ನು 4.5 ಮೀಟರ್‌ವರೆಗಿನ ಅಂತರಕ್ಕೆ 7 ದಿನ, ಅದಕ್ಕೆ ಮೇಲ್ಪಟ್ಟರೆ 14 ದಿನ ತೆಗೆಯುವಂತಿಲ್ಲ. ಇದು ಸಾದಾ ಸಿಮೆಂಟಿನ ಲೆಕ್ಕ, ಪಿಪಿಸಿ (ಪೊಜೊಲಾನಾ ಸಿಮೆಂಟು) ಬಳಸಿದರೆ ಇನ್ನಷ್ಟು ಬಿಡಬೇಕು.

ಓಸಿ ಮತ್ತು ಹೊಲಿಗೆ ಮಷಿನ್

ಕಟ್ಟಡ ಮುಗಿದ ಒಂದು ತಿಂಗಳೊಳಗೆ 310ನೇ ಕಲಮಿನಂತೆ ಮಾಲೀಕರು ಪೂರ್ಣಗೊಂಡ ಸೂಚನೆ ಕೊಟ್ಟು, ಓಸಿ ಎಂದು ಎಲ್ಲರೂ ಕರೆಯುವ ಸ್ವಾಧೀನಾನುಭವ ಪತ್ರ ಕೇಳಬೇಕು. ಮೊದಲು ಇದನ್ನು ಕೇಳುವವರೇ ಕಡಿಮೆ ಇದ್ದರು. ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರ ತೀರ್ಪಿನಲ್ಲಿ, ಈ ಪತ್ರ ನೋಡಿದ ಮೇಲೆಯೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕು, ಕಟ್ಟುವಾಗ ಮಂಜೂರಾದ ನಕ್ಷೆಯನ್ನು ಸ್ಥಳದಲ್ಲಿ ತೂಗುಹಾಕಬೇಕು, ಅಧಿಕಾರಿಗಳು ಆಗಾಗ ಪರಿಶೀಲಿಸಿ ದಾಖಲೆ ಇಡಬೇಕು ಎಂದ ಮೇಲೆ ಪರಿಸ್ಥಿತಿ ಬದಲಾಗಿದೆ.

ಓಸಿ ಪರಿಶೀಲನೆಯಲ್ಲಿ ದಕ್ಷಿಣದ ಅಂತರ 0.99 ಮೀಟರ್ ಬಂತು. ಪ್ಯಾರಪೆಟ್ ಎತ್ತರ, ಮೆಟ್ಟಿಲಿನ ಏರು, ಕಿಟಕಿಯ ಒಟ್ಟು ವಿಸ್ತೀರ್ಣ ಕೋಣೆಗೆ ಸಾಕಾಗುವಷ್ಟಿದೆಯೇ ಎಂಬುದು ಇವು ಬೇಗ ಮುಗಿಯುವ ಅಳತೆಗಳು. ಒಳಗೋಡೆಗಳು ಎದ್ದಿದ್ದವು. ಸಾಲು ಪಾಯಿಂಟುಗಳ ಮೇಲೆ ಖಾಲಿ ಮುಚ್ಚಳಗಳಿದ್ದವು. ಓಸಿಯಲ್ಲಿ ‘ವಾಸದ ಉಪಯೋಗಕ್ಕೆ ಮಾತ್ರ’ ಎಂದು ಬರೆದು, ಅದರ ಪ್ರತಿಯನ್ನು ವ್ಯಾಪಾರ ಪರವಾನಗಿ ಕೊಡುವ ಆರೋಗ್ಯ ಶಾಖೆಗೂ ಜೆಸ್ಕಾಂ ಉಪವಿಭಾಗಕ್ಕೂ ಕಳಿಸಲಾಯಿತು. ಹೊಲಿಗೆ ಘಟಕ ಬೇಕೇ ಬೇಕಾದರೆ ಮಾಲೀಕರು ಮೊದಲು ಆ ವಲಯದಲ್ಲಿ ಅದಕ್ಕೆ ಅವಕಾಶವಿದೆಯೇ ಎಂದು ನೋಡಿ, ಉಪಯೋಗ ಬದಲಾವಣೆಗೆ ಅರ್ಜಿ ಹಾಕಿ, ಸ್ಲ್ಯಾಬಿನ ಭಾರಕ್ಕೆ ಹೊಸ ಲೆಕ್ಕ ತರಬೇಕು. ಮೊದಲ ಮಹಡಿಯಲ್ಲಿ ಬಂಡಲು ಇಡುವುದಕ್ಕೆ ಈಗಿನ ವಿನ್ಯಾಸದಲ್ಲಿ ಜಾಗವಿಲ್ಲ ಎಂದು ಸ್ಟ್ರಕ್ಚರಲ್ ಎಂಜಿನಿಯರ್ ಬರೆದುಕೊಟ್ಟ ಪತ್ರ ಅದೇ ಕಡತದಲ್ಲಿದೆ.